ಅತಿಯಾದ ಯೋಚನೆ ಎಂಬ ವ್ಯಾಧಿ
ಜಿಂಬಾಬ್ವೆ ದೇಶದಿಂದ ನಮಗೊಂದು ಪಾಠ

ಮೈಗೆ ಜ್ವರ ಬಂದರೆ ಮನೆಯವರು ಹಣೆ ಮುಟ್ಟಿ ನೋಡುತ್ತಾರೆ; ಕಾಲು ಮುರಿದರೆ ಊರೆಲ್ಲಾ ನೋಡುತ್ತದೆ. ಮನಸ್ಸಿಗೆ ರೋಗ ಬಂದರೆ ಮಾತ್ರ ಅದನ್ನು ಮುಟ್ಟಿ ನೋಡುವವರಿಲ್ಲ. ರೋಗಿಯು ತಾನೂ ಅದನ್ನು ರೋಗವೆಂದು ತಿಳಿಯದೆ, ಇದು ನನ್ನ ಹಣೆಬರಹವೆಂದು ಸುಮ್ಮಗಿರುತ್ತಾನೆ. ಮನೋರೋಗ ಎಂಬ ಮಾತು ಕಿವಿಗೆ ಬಿದ್ದ ಕೂಡಲೆ ನಮ್ಮ ಹಳ್ಳಿಯ ಜನರು ಹರಿದ ಬಟ್ಟೆಯಲ್ಲಿ ಬೀದಿ ತಿರುಗುವವನನ್ನು ನೆನಸುತ್ತಾರೆ. ಅಂಥ ಕಠಿಣ ರೋಗಗಳು ಇರುವದು ನಿಜವೇ. ಆದರೆ ಅವು ಕೊಂಚ ಜನರಿಗೆ ಬರುವವು. ಈ ಪಾಠದಲ್ಲಿ ನಾವು ವಿಚಾರಿಸತಕ್ಕವು ಬೇರೆ. ಹೊಲಕ್ಕೆ ಹೋಗುವವರಲ್ಲಿ, ಒಲೆಯ ಮುಂದೆ ಕೂತವರಲ್ಲಿ, ಸಂತೆಗೆ ಬರುವವರಲ್ಲಿ, ನಮ್ಮ ಪಕ್ಕದಲ್ಲೇ ಕುಳಿತುಕೊಳ್ಳುವವರಲ್ಲಿ ಅಡಗಿರುವ ಸಾಧಾರಣ ಮನೋವ್ಯಾಧಿಗಳನ್ನು ಕುರಿತು ಇಲ್ಲಿ ಹೇಳುತ್ತೇವೆ. ಇವು ಬಡದೇಶಗಳಲ್ಲಿ ಬಹಳ ಹೆಚ್ಚು, ಆದಾಗ್ಯೂ ವಾಸಿಯಾಗತಕ್ಕವು, ಮತ್ತು ವಾಸಿಮಾಡುವ ಕೆಲಸದಲ್ಲಿ ಸಾಮಾನ್ಯ ಜನರಿಗೂ ಒಂದು ಪಾಲು ಉಂಟು. ಈ ಮೂರು ಸಂಗತಿಗಳನ್ನು ವಾಚಕರು ಮನಸ್ಸಿನಲ್ಲಿಟ್ಟು ಮುಂದೆ ಓದಬೇಕು.

೧. ಈ ವ್ಯಾಧಿಗಳು ಯಾವವು?

ಮುಖ್ಯವಾದವು ಎರಡು: ಖಿನ್ನತೆ, ಆತಂಕ. ಖಿನ್ನತೆ ಹಿಡಿದವನಿಗೆ ದಿನವೆಲ್ಲಾ ಮನಸ್ಸು ಕುಗ್ಗಿರುತ್ತದೆ. ಮುಂಚೆ ಸಂತೋಷ ಕೊಟ್ಟ ಕೆಲಸಗಳಲ್ಲಿ ರುಚಿ ಹೋಗುತ್ತದೆ. ನಿದ್ರೆಯೂ ಹಸಿವೆಯೂ ಕೆಡುತ್ತವೆ. ನಾನು ಯಾವದಕ್ಕೂ ಬಾರದವನು ಎಂಬ ಆಲೋಚನೆಯು ಬಿಡದೆ ಕಾಡುತ್ತದೆ. ಆತಂಕ ಹಿಡಿದವನಿಗೆ ಕಾರಣವಿಲ್ಲದೆಯೂ, ಅಥವಾ ಅಲ್ಪ ಕಾರಣಕ್ಕೂ, ಎದೆ ಡವಡವ ಹೊಡೆಯುತ್ತದೆ, ಕೈ ನಡುಗುತ್ತದೆ, ಏನೋ ಕೇಡು ಬರಲಿದೆ ಎಂಬ ಭಯವು ಅವನನ್ನು ಕೂತಲ್ಲಿ ಕೂರಗೊಡದು. ಅನೇಕರಲ್ಲಿ ಇವೆರಡೂ ಒಟ್ಟಿಗೆ ಇರುತ್ತವೆ.

ಹಾಗಾದರೆ ದುಃಖವೆಲ್ಲಾ ರೋಗವೋ? ಅಲ್ಲ. ಸತ್ತವರಿಗಾಗಿ ಅಳುವದೂ ಬೆಳೆ ಹಾಳಾದಾಗ ಚಿಂತಿಸುವದೂ ಮನುಷ್ಯಸ್ವಭಾವವೇ. ಆದರೆ ಈ ಗುರುತುಗಳಲ್ಲಿ ಹಲವು ಒಟ್ಟಾಗಿ ಎರಡು ವಾರಗಳಿಗೂ ಹೆಚ್ಚು ಕಾಲ, ಬಹುಮಟ್ಟಿಗೆ ಪ್ರತಿದಿನವೂ, ಇದ್ದು ಮನೆಗೆಲಸಕ್ಕೂ ದುಡಿಮೆಗೂ ಅಡ್ಡಿಯಾದರೆ ಅದನ್ನು ರೋಗವೆಂದು ತಿಳಿದು ಉಪಚಾರ ಮಾಡಿಸತಕ್ಕದ್ದು. ಲೋಕ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ೨೦೧೯ರಲ್ಲಿ ಲೋಕದಲ್ಲೆಲ್ಲಾ ಸುಮಾರು ೨೮ ಕೋಟಿ ಜನರಿಗೆ ಖಿನ್ನತೆಯೂ ಸುಮಾರು ೩೦ ಕೋಟಿ ಜನರಿಗೆ ಆತಂಕವೂ ಇದ್ದವು. ಬಡದೇಶಗಳಲ್ಲಿಯೂ ಮಧ್ಯಮ ಸ್ಥಿತಿಯ ದೇಶಗಳಲ್ಲಿಯೂ ಮನೋವ್ಯಾಧಿಯುಳ್ಳ ನಾಲ್ವರಲ್ಲಿ ಮೂವರಿಗೂ ಹೆಚ್ಚು ಜನರಿಗೆ ಯಾವ ಚಿಕಿತ್ಸೆಯೂ ದೊರೆಯುವದಿಲ್ಲವೆಂದು ಅದೇ ಸಂಸ್ಥೆಯು ತಿಳಿಸಿದೆ.

೨. ಮೈಯ ವೇಷದಲ್ಲಿ ಬರುವ ರೋಗ

ನನ್ನ ಮನಸ್ಸಿಗೆ ರೋಗ ಬಂದಿದೆ ಎಂದು ಹೇಳಿಕೊಂಡು ಆಸ್ಪತ್ರೆಗೆ ಬರುವವರು ಬಹಳ ಕಡಿಮೆ. ತಲೆನೋವು, ಎದೆಯುರಿ, ಮೈಕೈ ಹರಿತ, ಹೊಟ್ಟೆಯಲ್ಲಿ ಸಂಕಟ, ನಿಶ್ಶಕ್ತಿ, ನಿದ್ರೆ ಬಾರದಿರುವದು ಇವುಗಳನ್ನೇ ಅವರು ಹೇಳುವರು. ಇವು ಸುಳ್ಳು ನೋವುಗಳಲ್ಲ. ಮನಸ್ಸಿನ ಭಾರವನ್ನು ಮೈ ಹೊರುವದರಿಂದ ನೋವು ನಿಜವಾಗಿಯೇ ಆಗುತ್ತದೆ. ವೈದ್ಯನು ಒಂದು ಶಕ್ತಿಯ ಮದ್ದನ್ನೋ ನೋವಿನ ಮಾತ್ರೆಯನ್ನೋ ಕೊಟ್ಟು ಕಳುಹಿಸುತ್ತಾನೆ. ರೋಗಿಯು ತಿಂಗಳು ಕಳೆದ ಮೇಲೆ ಮತ್ತೊಬ್ಬ ವೈದ್ಯನ ಬಾಗಲಿಗೆ ಹೋಗುತ್ತಾನೆ. ಹೀಗೆ ಹಣವು ಕರಗುತ್ತದೆ, ರೋಗವು ಉಳಿಯುತ್ತದೆ.

ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಜಿಂಬಾಬ್ವೆ ಎಂಬ ದೇಶ ಉಂಟು. ೧೯೮೦ರಲ್ಲಿ ಸ್ವತಂತ್ರವಾದ ಆ ದೇಶದಲ್ಲಿ ಹೆಚ್ಚು ಜನರ ಮಾತು ಶೋನಾ ಭಾಷೆ. ಆ ಭಾಷೆಯಲ್ಲಿ ಈ ವ್ಯಾಧಿಗೆ ಜನರೇ ಇಟ್ಟ ಹೆಸರು ಇದೆ, ಅದೇನಂದರೆ "ಕುಫುಂಗಿಸಿಸಾ". ಅತಿಯಾಗಿ ಯೋಚಿಸುವದು ಎಂದು ಅದರ ಅರ್ಥ. ಚಿತೆಯು ಸತ್ತವನನ್ನು ಸುಡುತ್ತದೆ, ಚಿಂತೆಯು ಬದುಕಿದವನನ್ನು ಸುಡುತ್ತದೆ ಎಂಬ ನಮ್ಮ ಹಿರಿಯರ ಮಾತನ್ನು ಬಲ್ಲವರಿಗೆ ಆ ಹೆಸರಿನ ಅರ್ಥವನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

೧೯೯೦ರ ದಶಕದಲ್ಲಿ ನಮ್ಮ ದೇಶದವರಾದ ವಿಕ್ರಂ ಪಟೇಲ್ ಎಂಬ ವೈದ್ಯರು ಜಿಂಬಾಬ್ವೆಯ ರಾಜಧಾನಿಯಾದ ಹರಾರೆಯಲ್ಲಿ ಇದ್ದು, ಅಲ್ಲಿಯವರ ಸಂಗಡ ಕೂಡಿ ಈ ರೋಗದ ವಿಷಯ ವಿಚಾರಣೆ ನಡಿಸಿದರು. ಪರದೇಶದ ಪುಸ್ತಕದ ಪ್ರಶ್ನೆಗಳನ್ನು ಭಾಷಾಂತರಿಸಿ ಕೇಳುವದಕ್ಕೆ ಬದಲಾಗಿ ರೋಗಿಗಳು ತಾವೇ ಆಡುವ ಮಾತುಗಳನ್ನು ಕೂಡಿಸಿ ಹದಿನಾಲ್ಕು ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಕಳೆದ ವಾರದಲ್ಲಿ ಯೋಚನೆ ಅತಿಯಾಯಿತೋ, ನಿದ್ರೆ ಕೆಟ್ಟಿತೋ, ಹೊಟ್ಟೆ ನೊಂದಿತೋ, ಅಲ್ಪ ಮಾತಿಗೆ ಸಿಟ್ಟು ಬಂದಿತೋ, ಕೆಲಸವು ಹಿಂದೆ ಬಿದ್ದಿತೋ, ಅಳುವಷ್ಟು ಕಷ್ಟವಾಯಿತೋ, ಪ್ರಾಣ ತೆಗೆದುಕೊಳ್ಳಬೇಕೆಂಬ ಯೋಚನೆ ಬಂದಿತೋ ಎಂಬಂಥವುಗಳೇ ಅವು. ಹೌದು, ಇಲ್ಲ ಎಂಬ ಉತ್ತರ ಸಾಕು. ಇದನ್ನು ಕೇಳಿ ಬರೆದುಕೊಳ್ಳುವದಕ್ಕೆ ವೈದ್ಯನೇ ಬೇಕೆಂಬದಿಲ್ಲ. ಈ ಚಿಕ್ಕ ಪಟ್ಟಿಯೇ ಮುಂದೆ ದೊಡ್ಡ ಕೆಲಸಕ್ಕೆ ಅನುಕೂಲವಾಯಿತು.

೩. ಬಡತನವೂ ಈ ರೋಗವೂ

ಬಡತನವೊಂದೇ ಈ ರೋಗಕ್ಕೆ ಕಾರಣವೆನ್ನಲಾಗದು. ಧನವಂತರಿಗೂ ಇದು ಬರುತ್ತದೆ. ಕೆಲವರಿಗೆ ವಂಶದಿಂದ, ಕೆಲವರಿಗೆ ಹೆರಿಗೆಯಾದ ಮೇಲೆ, ಕೆಲವರಿಗೆ ಬಹುಕಾಲದ ಮೈರೋಗದಿಂದ, ಕೆಲವರಿಗೆ ಎಳೆತನದಲ್ಲಿ ಪಟ್ಟ ಹಿಂಸೆಯಿಂದ ಬರುವದುಂಟು. ಆದರೆ ಸಾಲ, ಹಸಿವೆ, ಕೆಲಸವಿಲ್ಲದಿರುವದು, ಗಂಡನ ಕುಡಿತ, ಹೊಡೆತ ಇವು ಇರುವಲ್ಲಿ ರೋಗಕ್ಕೆ ಬಾಗಲು ತೆರೆದಂತೆಯೇ ಸರಿ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು ಕಾಣುತ್ತದೆ. ರೋಗ ಬಂದ ಮೇಲೆ ದುಡಿಯುವ ಶಕ್ತಿಯು ಕುಂದಿ ಬಡತನವು ಇಮ್ಮಡಿಯಾಗುತ್ತದೆ. ಹೀಗೆ ಒಂದು ಇನ್ನೊಂದನ್ನು ಗಾಣದ ಎತ್ತಿನಂತೆ ಸುತ್ತಿಸುತ್ತಾ ಇರುವದು.

ಜಿಂಬಾಬ್ವೆಯ ಜನರು ಈ ಸುತ್ತಿಗೆ ಸಿಕ್ಕಿದವರು. ೧೯೯೦ರ ದಶಕದಿಂದ ಏಯ್ಡ್ಸ್ ರೋಗವು ಅಲ್ಲಿಯ ಅನೇಕ ಮನೆಗಳಲ್ಲಿ ದುಡಿಯುವ ಪ್ರಾಯದವರನ್ನು ತೆಗೆದುಕೊಂಡುಹೋಗಿ, ಮೊಮ್ಮಕ್ಕಳನ್ನು ಅಜ್ಜಿಯರ ಕೈಯಲ್ಲಿ ಬಿಟ್ಟಿತು. ೨೦೦೫ರಲ್ಲಿ ಸರಕಾರವು ಪಟ್ಟಣಗಳಲ್ಲಿದ್ದ ಬಡವರ ಗುಡಿಸಲುಗಳನ್ನೂ ಅಂಗಡಿಗಳನ್ನೂ ಕೆಡವಿಸಿತು. ಸುಮಾರು ೭ ಲಕ್ಷ ಜನರು ಮನೆಯನ್ನೋ ಜೀವನೋಪಾಯವನ್ನೋ ಎರಡನ್ನೋ ಕಳಕೊಂಡರೆಂದು ಸಂಯುಕ್ತ ರಾಷ್ಟ್ರಗಳ ಸಂಸ್ಥೆಯು ಲೆಕ್ಕ ಹಾಕಿತು. ೨೦೦೮ರಲ್ಲಿ ಅಲ್ಲಿಯ ನಾಣ್ಯದ ಬೆಲೆಯು ಬಿದ್ದುಹೋಗಿ ಕೂಡಿಟ್ಟ ಹಣವು ಕಾಗದವಾಯಿತು. ಒಂದು ಕೋಟಿಗೂ ಹೆಚ್ಚು ಜನರಿದ್ದ ಆ ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯವರಾಗಿದ್ದರು.

೪. ಬಸ್ಸಿನ ಹಣವಿಲ್ಲದ ಮಗಳು

ಆ ಕೆಲವರಲ್ಲಿ ಡಿಕ್ಸನ್ ಚಿಬಾಂಡಾ ಎಂಬವರು ಒಬ್ಬರು. ಅವರ ಚಿಕಿತ್ಸೆಯಲ್ಲಿದ್ದ ಒಬ್ಬ ಯೌವನಸ್ಥೆಯು ೨೦೦೫ರಲ್ಲಿ ತನ್ನ ಪ್ರಾಣವನ್ನು ತೆಗೆದುಕೊಂಡಳು. ಆಕೆಯು ಆಸ್ಪತ್ರೆಯಿಂದ ಬಹು ದೂರದ ಊರಿನವಳು. ಮಗಳನ್ನು ಕರಕೊಂಡು ಬರುತ್ತೇನೆಂದು ತಾಯಿಯು ಮುಂಚೆ ಒಪ್ಪಿದ್ದಳು. ಯಾಕೆ ಬರಲಿಲ್ಲವೆಂದು ವೈದ್ಯರು ಕೇಳಿದಾಗ ತಾಯಿಯು ಕೊಟ್ಟ ಉತ್ತರವು ಇದು: ಬಸ್ಸಿಗೆ ಬೇಕಾದ ಹದಿನೈದು ಡಾಲರ್ ನಮ್ಮಲ್ಲಿ ಇರಲಿಲ್ಲ.

ವಾಚಕರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ವೈದ್ಯನು ಇದ್ದನು, ಮದ್ದು ಇತ್ತು, ತಾಯಿಗೆ ಮನಸ್ಸೂ ಇತ್ತು. ನಡುವೆ ಇದ್ದದ್ದು ದಾರಿಯ ದೂರ ಮಾತ್ರ. ರೋಗಿಯು ಆಸ್ಪತ್ರೆಗೆ ಬರಲಾರದಿದ್ದರೆ ಉಪಚಾರವು ರೋಗಿಯ ಬೀದಿಗೆ ಹೋಗತಕ್ಕದ್ದೆಂದು ಚಿಬಾಂಡಾ ಅವರಿಗೆ ಆ ಮರಣದಿಂದ ತಿಳಿಯಿತು. ಹರಾರೆಯಲ್ಲಿ ಎಂಬಾರೆ ಎಂಬ ಬಡವರ ಕೇರಿ ಇದೆ. ದೊಡ್ಡ ಸಂತೆ ನಡಿಯುವ ಸ್ಥಳವದು. ಅಲ್ಲಿ ಕೆಲಸ ಆರಂಭಿಸಬೇಕೆಂದು ಅವರು ೨೦೦೬ರಲ್ಲಿ ಕೇಳಿದಾಗ ಹಣವೂ ದೊರೆಯಲಿಲ್ಲ, ದಾದಿಯರೂ ದೊರೆಯಲಿಲ್ಲ, ದವಾಖಾನೆಯೊಳಗೆ ಒಂದು ಕೋಣೆಯೂ ದೊರೆಯಲಿಲ್ಲ. ದೊರೆತವರು ಹದಿನಾಲ್ಕು ಮಂದಿ ಅಜ್ಜಿಯರು. ಅವರು ಮುಂಚಿನಿಂದಲೂ ಮನೆಮನೆಗೆ ಹೋಗಿ ಆರೋಗ್ಯದ ಸಂಗತಿಗಳನ್ನು ತಿಳಿಸುತ್ತಿದ್ದವರು, ಹೆಚ್ಚು ಓದಿದವರಲ್ಲ. ಕೋಣೆ ಇಲ್ಲದ್ದರಿಂದ ಹೊರಗೆ ಮರದ ಕೆಳಗೆ ಒಂದು ಬೆಂಚನ್ನು ಹಾಕಿದರು.

ಮೊದಲು ಅದಕ್ಕೆ ಮಾನಸಿಕ ಆರೋಗ್ಯದ ಬೆಂಚು ಎಂದು ಹೆಸರಿಟ್ಟರು. ಯಾರೂ ಬಂದು ಕೂರಲಿಲ್ಲ. ಹುಚ್ಚರ ಬೆಂಚಿನಲ್ಲಿ ಕೂರುವವರು ಯಾರು? ಆಗ ಅಜ್ಜಿಯರೇ ಆ ಹೆಸರನ್ನು ತೆಗೆದು, ಒಬ್ಬರಿಗೊಬ್ಬರು ಆಲೋಚನೆ ಹೇಳಿಕೊಳ್ಳುವ ಬೆಂಚು ಎಂಬ ಅರ್ಥದ ಶೋನಾ ಹೆಸರನ್ನು ಸೂಚಿಸಿದರು. ಈಗ ಅದು ಲೋಕದಲ್ಲೆಲ್ಲಾ ಸ್ನೇಹದ ಬೆಂಚು ಎಂದು ಪ್ರಸಿದ್ಧವಾಗಿದೆ. ಹೆಸರು ಬದಲಾದ ಮೇಲೆ ಜನರು ಬಂದು ಕೂತರು.

೫. ಬೆಂಚಿನ ಮೇಲೆ ನಡಿಯುವ ಕೆಲಸ

ಅಜ್ಜಿಯು ಮೊದಲು ಹದಿನಾಲ್ಕು ಪ್ರಶ್ನೆಗಳನ್ನು ಕೇಳುವಳು. ಗುರುತುಗಳು ಹೆಚ್ಚಾಗಿದ್ದರೆ ರೋಗಿಯು ಆರು ಸಾರಿ ಬಂದು ಅವಳ ಸಂಗಡ ಕೂತು ಮಾತಾಡುವಂತೆ ಏರ್ಪಾಡು ಮಾಡುವಳು. ಈ ಮಾತುಕತೆಗೆ ಮೂರು ಮೆಟ್ಟಲುಗಳು ಉಂಟು: ಮನಸ್ಸನ್ನು ತೆರೆಯುವದು, ಮೇಲೆತ್ತುವದು, ಬಲಪಡಿಸುವದು.

ಇದು ಹೇಗೆಂದರೆ, ಒಬ್ಬ ಹೆಂಗಸು ಬಂದಳೆಂದು ಎಣಿಸೋಣ. ನಿದ್ರೆ ಇಲ್ಲ, ತಲೆನೋವು, ಅಳು. ಅಜ್ಜಿಯು ಬುದ್ಧಿ ಹೇಳುವದಕ್ಕೆ ತೊಡಗದೆ ಅವಳ ಮಾತನ್ನು ಕೇಳುತ್ತಾ ಇರುವಳು. ಗಂಡನಿಗೆ ಕೆಲಸವಿಲ್ಲ, ಮನೆಯ ಬಾಡಿಗೆ ಬಾಕಿ ಇದೆ, ಮಗನ ಶಾಲೆ ನಿಂತಿದೆ, ಅತ್ತೆಯು ನಿಂದಿಸುತ್ತಾಳೆ ಎಂದು ಒಂದೊಂದಾಗಿ ಹೊರಗೆ ಬರುತ್ತವೆ. ತಲೆಯೊಳಗೆ ಸಿಕ್ಕಾದ ನೂಲಿನಂತೆ ಇದ್ದದ್ದು ಹೊರಗೆ ಬಂದಾಗ ನಾಲ್ಕು ಎಳೆಗಳಾಗಿ ಕಾಣುತ್ತದೆ. ಇದು ಮನಸ್ಸನ್ನು ತೆರೆಯುವದು. ಆ ಮೇಲೆ, ಇವುಗಳಲ್ಲಿ ಯಾವದನ್ನು ಮೊದಲು ಹಿಡಿಯೋಣ ಮಗಳೇ, ಎಂದು ಕೇಳುವಳು. ಆಯುವವಳು ರೋಗಿಯೇ, ಅಜ್ಜಿಯಲ್ಲ. ಬಾಡಿಗೆಯೆಂದು ಅವಳು ಹೇಳಿದರೆ, ಈ ವಾರದಲ್ಲಿ ಮಾಡಬಹುದಾದ ಒಂದು ಚಿಕ್ಕ ಕೆಲಸವನ್ನು ಇಬ್ಬರೂ ಕೂಡಿ ಹುಡುಕುವರು. ಮನೆಯ ಯಜಮಾನನ ಹತ್ತಿರ ಹೋಗಿ ಕಂತು ಕೇಳುವದೋ, ಸಂತೆಯಲ್ಲಿ ಟೊಮೇಟೊ ಮಾರುವದೋ ಆಗಬಹುದು. ಇದು ಮೇಲೆತ್ತುವದು. ಮುಂದಿನ ವಾರ ಅವಳು ಬಂದಾಗ ಏನಾಯಿತೆಂದು ಕೇಳುವಳು. ಕೆಲಸ ಆಗಿದ್ದರೆ ಮೆಚ್ಚುವಳು; ಆಗದಿದ್ದರೆ ಗದರಿಸದೆ ಬೇರೆ ದಾರಿ ಹುಡುಕುವಳು. ಇದು ಬಲಪಡಿಸುವದು.

ಬಾಡಿಗೆಯ ಕಷ್ಟವು ಒಂದೇ ವಾರದಲ್ಲಿ ತೀರದೆ ಇರಬಹುದು. ಆದರೆ ನನ್ನಿಂದ ಒಂದು ಕೆಲಸವಾಯಿತು ಎಂಬ ಅರಿವು ಬಂದ ಕೂಡಲೆ ರೋಗದ ಹಿಡಿತವು ಸಡಿಲವಾಗುವದು. ಯಾಕಂದರೆ ಕಷ್ಟಗಳು ಬಹಳ ಇರುವದಕ್ಕಿಂತ, ಅವುಗಳ ಮುಂದೆ ನಾನು ಏನೂ ಮಾಡಲಾರೆನು ಎಂಬ ನಿರಾಶೆಯೇ ಖಿನ್ನತೆಯ ಬಲ. ಬೆಂಚಿನ ಮಾತುಕತೆ ಮುಗಿದವರನ್ನು ಒಂದು ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ಹೆಂಗಸರು ಕೂಡಿ ಕೂತು, ಬಿಸಾಡಿದ ಪ್ಲಾಸ್ಟಿಕ್ಕಿನಿಂದ ಚೀಲಗಳನ್ನು ಹೆಣೆಯುತ್ತಾ ಮಾತಾಡುತ್ತಾರೆ. ಚೀಲ ಮಾರಿ ನಾಲ್ಕು ಕಾಸೂ ಗಳಿಸುತ್ತಾರೆ.

ಪ್ರಾಣ ತೆಗೆದುಕೊಳ್ಳುವ ನಿಶ್ಚಯದಲ್ಲಿರುವವರನ್ನೂ, ಇಲ್ಲದ ಧ್ವನಿಗಳನ್ನು ಕೇಳುವಂಥ ಕಠಿಣ ರೋಗವುಳ್ಳವರನ್ನೂ ಅಜ್ಜಿಯರು ಬೆಂಚಿನಲ್ಲಿಯೇ ಇಟ್ಟುಕೊಳ್ಳುವದಿಲ್ಲ. ತಡಮಾಡದೆ ಮೇಲಿನವರ ಬಳಿಗೆ ಕಳುಹಿಸುತ್ತಾರೆ. ತನ್ನ ಕೈಯಿಂದ ಆಗದ ಕೆಲಸ ಯಾವದೆಂದು ಬಲ್ಲವನೇ ಒಳ್ಳೇ ಕೆಲಸದವನು.

೬. ಫಲವನ್ನು ಪರೀಕ್ಷಿಸಿದ ವಿಧ

ಇದು ಒಳ್ಳೇ ಮನಸ್ಸಿನ ಮಾತೇ ಹೊರತು ಚಿಕಿತ್ಸೆಯೋ ಎಂದು ಯಾರಾದರೂ ಕೇಳಬಹುದು. ಕೇಳತಕ್ಕದ್ದೇ. ಆದದರಿಂದ ಹರಾರೆಯ ೨೪ ದವಾಖಾನೆಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನಲ್ಲಿ ಬೆಂಚಿನ ಉಪಚಾರವನ್ನೂ ಇನ್ನೊಂದರಲ್ಲಿ ವಾಡಿಕೆಯ ಉಪಚಾರವನ್ನೂ ನಡಿಸಿ ನೋಡಿದರು. ಪರೀಕ್ಷೆಗೆ ಸೇರಿದವರು ೫೭೩ ಮಂದಿ. ಬಹು ಮಂದಿ ಹೆಂಗಸರು. ಆರು ತಿಂಗಳಾದ ಮೇಲೆ ವಾಡಿಕೆಯ ಉಪಚಾರ ಪಡೆದವರಲ್ಲಿ ನೂರಕ್ಕೆ ಸುಮಾರು ೫೦ ಮಂದಿಗೆ ಖಿನ್ನತೆಯ ಗುರುತುಗಳು ಉಳಿದಿದ್ದವು; ಬೆಂಚಿನಲ್ಲಿ ಕೂತವರಲ್ಲಿ ನೂರಕ್ಕೆ ಸುಮಾರು ೧೪ ಮಂದಿಗೆ ಮಾತ್ರ. ಈ ವರ್ತಮಾನವು ೨೦೧೬ರಲ್ಲಿ ಅಮೇರಿಕದ ಪ್ರಸಿದ್ಧ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ನಮ್ಮ ದೇಶದಲ್ಲಿಯೂ ಇಂಥ ಪರೀಕ್ಷೆ ನಡಿದಿದೆ. ಮೇಲೆ ಹೇಳಿದ ವಿಕ್ರಂ ಪಟೇಲರು ಗೋವೆಗೆ ಬಂದು, ೧೯೯೬ರಲ್ಲಿ ಸಂಗಾತ ಎಂಬ ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾದರು. ವೈದ್ಯರಲ್ಲದ ಸ್ಥಳೀಕರನ್ನು ತರಬೇತುಮಾಡಿ ದವಾಖಾನೆಗಳಲ್ಲಿ ನೇಮಿಸಿ ನೋಡಿದ ಫಲವು ೨೦೧೦ರಲ್ಲಿ ಪ್ರಕಟವಾಯಿತು. ಸರಕಾರಿ ದವಾಖಾನೆಗಳಿಗೆ ಬಂದ ರೋಗಿಗಳಲ್ಲಿ, ಆ ಸಹಾಯ ದೊರೆತವರು ನೂರಕ್ಕೆ ಸುಮಾರು ೬೬ ಮಂದಿಯೂ, ದೊರೆಯದವರು ನೂರಕ್ಕೆ ಸುಮಾರು ೪೩ ಮಂದಿಯೂ ಆರು ತಿಂಗಳಲ್ಲಿ ವಾಸಿಯಾಗಿದ್ದರು. ಖಾಸಗಿ ವೈದ್ಯರ ಬಳಿಗೆ ಹೋದವರಲ್ಲಿ ಅಂಥ ಭೇದ ಕಾಣಲಿಲ್ಲ. ಆದದರಿಂದ ಎಲ್ಲೆಡೆಯಲ್ಲಿಯೂ ಒಂದೇ ಫಲ ಬರುವದೆಂದು ಹೇಳಕೂಡದು. ಆದರೆ ತರಬೇತಾದ ಸಾಮಾನ್ಯ ಜನರು ಈ ರೋಗವನ್ನು ತಗ್ಗಿಸಬಲ್ಲರೆಂಬದು ಸ್ಥಿರವಾಯಿತು.

೭. ನಮ್ಮ ನಾಡಿನಲ್ಲಿರುವ ಸಹಾಯ

ಹಳ್ಳಿಯ ಬಾಗಲಿಗೆ ಮನಸ್ಸಿನ ಉಪಚಾರವನ್ನು ತರುವ ಆಲೋಚನೆಯು ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೭೦ರ ದಶಕದಲ್ಲಿ ಊರ ಹೊರಗಿನ ಸಕಲವಾರದಲ್ಲಿ ಈ ಕೆಲಸವನ್ನು ಆರಂಭಿಸಿ, ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಸಾಧಾರಣ ದವಾಖಾನೆಯ ವೈದ್ಯರನ್ನೂ ಆರೋಗ್ಯ ಕಾರ್ಯಕರ್ತರನ್ನೂ ತರಬೇತುಮಾಡಿದರು. ಆ ಮಾದರಿಯ ಮೇಲೆಯೇ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಆದಾಗ್ಯೂ ೨೦೧೫-೧೬ರಲ್ಲಿ ನಡಿದ ರಾಷ್ಟ್ರೀಯ ಪರಿಶೋಧನೆಯಲ್ಲಿ, ಪ್ರಾಯಸ್ಥರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಆಗ ಯಾವದಾದರೊಂದು ಮನೋವ್ಯಾಧಿ ಇತ್ತೆಂದೂ, ಅವರಲ್ಲಿ ಹೆಚ್ಚು ಮಂದಿ ಚಿಕಿತ್ಸೆ ಇಲ್ಲದೆ ಇದ್ದರೆಂದೂ ಕಂಡುಬಂತು.

ಆದದರಿಂದ ಇರುವ ಸಹಾಯವನ್ನು ತಿಳುಕೊಳ್ಳುವದು ಅಗತ್ಯ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಊರಿನ ಆಶಾ ಕಾರ್ಯಕರ್ತೆಯು ದಾರಿ ತೋರಿಸುವಳು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಬಹುದು. ೨೦೨೨ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಸಹಾಯವಾಣಿಗೆ ೧೪೪೧೬ ಎಂಬ ಸಂಖ್ಯೆಯಲ್ಲಿ, ಹಗಲಾಗಲಿ ರಾತ್ರಿಯಾಗಲಿ, ಖರ್ಚಿಲ್ಲದೆ ಫೋನ್ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಬಸ್ಸಿನ ಹಣವಿಲ್ಲದವರಿಗೆ ಇದು ಚಿಕ್ಕ ಸಂಗತಿಯಲ್ಲ.

೮. ಮಾಡತಕ್ಕದ್ದೂ ಮಾಡಬಾರದ್ದೂ

ಮೊದಲನೇದು, ಕೇಳಿರಿ. ನೆರೆಮನೆಯವಳು ಮಂಕಾಗಿ ಕೂತಿದ್ದರೆ, ಅಕ್ಕಾ, ಈಚೆಗೆ ರಾತ್ರಿ ನಿದ್ರೆ ಬರುತ್ತದೋ, ಎಂದು ಕೇಳುವದಕ್ಕೆ ವಿದ್ಯೆ ಬೇಕಾಗಿಲ್ಲ. ಕೇಳಿದ ಮೇಲೆ ಉತ್ತರಕ್ಕೆ ಕಾದುಕೊಂಡಿರಿ. ಕೇಳಿದ್ದನ್ನು ನಲ್ಲಿಯ ಹತ್ತಿರ ಹರಡಬೇಡಿರಿ.

ಎರಡನೇದು, ನಿಂದಿಸಬೇಡಿರಿ. ಸೋಮಾರಿತನ, ನಾಟಕ, ಮಾಟ, ದೆವ್ವದ ಬಡಿತ ಎಂದು ಹೇಳುವದರಿಂದ ರೋಗಿಯು ಇನ್ನೂ ಅಡಗಿಕೊಳ್ಳುವನು. ವಿಶ್ವಾಸ ಕಡಿಮೆಯಾದ್ದರಿಂದಲೇ ದುಃಖ ಬಂತೆಂದು ನಮ್ಮ ಸಭೆಗಳಲ್ಲಿ ಹೇಳುವವರೂ ಉಂಟು. ಕಣ್ಣಿಗೆ ಪೊರೆ ಬಂದವನಿಗೆ ನಾವು ಹಾಗೆ ಹೇಳುವದಿಲ್ಲವಷ್ಟೆ.

ಮೂರನೇದು, ವೈದ್ಯನಿಗೆ ತೋರಿಸಿರಿ. ರಕ್ತಹೀನತೆಯಿಂದಲೂ ಥೈರಾಯ್ಡ್ ಗ್ರಂಥಿಯ ರೋಗದಿಂದಲೂ ಇಂಥ ಗುರುತುಗಳು ಬರುವದರಿಂದ ಅವುಗಳನ್ನು ಪರೀಕ್ಷಿಸುವದು ಅವಶ್ಯ. ಖಿನ್ನತೆಯ ಮದ್ದಿನ ಗುಣವು ಕಾಣುವದಕ್ಕೆ ಎರಡು ನಾಲ್ಕು ವಾರಗಳು ಬೇಕು. ಗುಣವಾಯಿತೆಂದು ತಾನೇ ನಿಲ್ಲಿಸದೆ ವೈದ್ಯನು ಹೇಳುವ ವರೆಗೆ ತೆಗೆದುಕೊಳ್ಳತಕ್ಕದ್ದು. ವೈದ್ಯನ ಚೀಟಿ ಇಲ್ಲದೆ ಅಂಗಡಿಯಿಂದ ನಿದ್ರೆಯ ಮಾತ್ರೆ ತರುವದೂ, ಚಿಂತೆಯನ್ನು ಸಾರಾಯಿಯಲ್ಲಿ ಮುಳುಗಿಸುವದೂ ರೋಗದ ಮೇಲೆ ರೋಗವನ್ನು ತರುವವು.

ನಾಲ್ಕನೇದು, ಸಾಯುವ ಮಾತನ್ನು ಹಗುರವಾಗಿ ಎಣಿಸಬೇಡಿರಿ. ಸಾಯಬೇಕೆಂಬ ಯೋಚನೆ ಬರುತ್ತದೋ ಎಂದು ನೇರವಾಗಿ ಕೇಳುವದರಿಂದ ಇಲ್ಲದ ಯೋಚನೆ ಹುಟ್ಟುವದಿಲ್ಲ. ಇದ್ದ ಯೋಚನೆ ಹೊರಗೆ ಬಂದು ಭಾರ ಇಳಿಯುತ್ತದೆ. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರಕೊಂಡು ಹೋಗಿರಿ. ಬೆಳೆಗೆ ಹೊಡೆಯುವ ವಿಷದ ಡಬ್ಬಿಯನ್ನು ಮನೆಯಲ್ಲಿ ಕೈಗೆ ಸಿಕ್ಕುವಂತೆ ಇಡದೆ ಬೀಗ ಹಾಕಿ ಇಡಿರಿ. ಪೊಲೀಸರ ಭಯದಿಂದ ಮುಚ್ಚಿಡುವದೂ ಬೇಡ. ೨೦೧೭ರ ಮಾನಸಿಕ ಆರೋಗ್ಯದ ಕಾಯಿದೆಯು ಅಂಥವನನ್ನು ಕಠಿಣ ಮನೋವೇದನೆಯಲ್ಲಿದ್ದವನೆಂದು ಎಣಿಸಿ ಅವನಿಗೆ ಆರೈಕೆ ಕೊಡಬೇಕೆಂದು ವಿಧಿಸಿದೆ.

ಪ್ರಿಯರೇ, ಎಂಬಾರೆಯ ಅಜ್ಜಿಯರ ಬಳಿಯಲ್ಲಿ ಇದ್ದದ್ದು ಒಂದು ಬೆಂಚು, ಹದಿನಾಲ್ಕು ಪ್ರಶ್ನೆಗಳು, ಕೊಂಚ ತರಬೇತು, ಬೇಕಾದಷ್ಟು ತಾಳ್ಮೆ. ನಮ್ಮ ಊರುಗಳಲ್ಲಿ ಜಗಲಿಗಳಿಗೂ ಅರಳಿಯ ಕಟ್ಟೆಗಳಿಗೂ ಕೊರತೆಯಿಲ್ಲ. ಬದುಕಿನ ಬಿಸಿಲು ಮಳೆ ಕಂಡ ಅಜ್ಜಿಯರಿಗೂ ಕೊರತೆಯಿಲ್ಲ. ತರಬೇತನ್ನು ಕೇಳಿ ಪಡಕೊಳ್ಳುವದಕ್ಕೆ ಮನಸ್ಸು ಮಾಡುವವರು ಬೇಕು.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ಸಾಧಾರಣ ದುಃಖಕ್ಕೂ ಖಿನ್ನತೆಗೂ ಭೇದವೇನು?
೨. ಈ ರೋಗವುಳ್ಳವರು ಮೈನೋವನ್ನೇ ಯಾಕೆ ಹೇಳುತ್ತಾರೆ? ನಮ್ಮ ಊರಿನಲ್ಲಿ ಇದಕ್ಕೆ ಯಾವ ಮಾತುಗಳನ್ನು ಆಡುತ್ತಾರೆ?
೩. ಬೆಂಚಿನ ಹೆಸರನ್ನು ಅಜ್ಜಿಯರು ಬದಲಾಯಿಸಿದ್ದರಿಂದ ನಾವು ಕಲಿಯತಕ್ಕದ್ದೇನು?
೪. ಯಾವ ಕಷ್ಟವನ್ನು ಮೊದಲು ಹಿಡಿಯಬೇಕೆಂದು ರೋಗಿಯೇ ಆಯುವದು ಯಾಕೆ ಒಳ್ಳೇದು?
೫. ನಮ್ಮ ಊರಿಗೆ ಸಮೀಪವಾಗಿ ಈ ರೋಗಕ್ಕೆ ಸಹಾಯ ಎಲ್ಲಿ ದೊರೆಯುವದೆಂದು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?